ಬಾಳೆಮಕ್ಕಿಗೆ ಬಂದ ದೊಡ್ಡ ಗಾಡಿ

ಕೊಪ್ಪದ ಅಬ್ದುಲ್ ಸತ್ತಾರ್ ಸಾಹೇಬರು ಹಾಸಿಗೆ ಅಂಗಡಿಯನ್ನು ಮಗನ ಕೈಗೆ ಒಪ್ಪಿಸಿದ ವರ್ಷವೇ ಒಂದು ಬಸ್ಸು ಕೊಂಡರು. ಆ ವಯಸ್ಸಿನಲ್ಲಿ ಬೇರೆಯವರು ಹೊಸ ಕನ್ನಡಕವನ್ನೋ ಒಳ್ಳೆಯ ಛತ್ರಿಯನ್ನೋ ಕೊಳ್ಳುತ್ತಾರೆ. ಸಾಹೇಬರು ಕೊಂಡದ್ದು ಹಳೆಯ ಟೂರಿಸ್ಟ್ ಬಸ್ಸು. ಅದರ ಸೀಟುಗಳನ್ನೆಲ್ಲ ಕೀಳಿಸಿ, ಹಿಂದುಗಡೆ ತಮ್ಮ ಅಂಗಡಿಯದೇ ಡಬಲ್ ಹಾಸಿಗೆ, ನಡುವೆ ಅಡುಗೆಮನೆ, ಅದರ ಪಕ್ಕ ಬಚ್ಚಲು, ಕಿಟಕಿಗಳಿಗೆಲ್ಲ ಹೂವಿನ ಪರದೆ ಮಾಡಿಸಿದರು. ಹರೆಯದಲ್ಲಿ ಲಾರಿ ಓಡಿಸಿದವರಾದ್ದರಿಂದ ಡ್ರೈವರನ ಹಂಗೂ ಇರಲಿಲ್ಲ. ಇನ್ನು ನಮ್ಮ ಮನೆ ಎಲ್ಲಿ ನಿಲ್ಲುತ್ತದೋ ಅದೇ ನಮ್ಮ ಊರು ಎಂದು ಹೆಂಡತಿ ಸಾಜಿಯಾಳಿಗೆ ಹೇಳಿದರು.

ಆದರೆ ಮನೆ ನಿಲ್ಲಲು ಜಾಗ ಬೇಕಲ್ಲ. ನಮ್ಮ ಕಡೆ ರಸ್ತೆ ಮಾಡಿದವರು, ಮುಂದೊಂದು ದಿನ ಯಾರಾದರೂ ಬಚ್ಚಲು ಸಮೇತ ಬಂದಾರು ಎಂದು ಎಣಿಸಿರಲಿಲ್ಲ. ಜಯಪುರದಲ್ಲಿ ಬಸ್ಸು ತಿರುಗಿಸಲು ಹೋಗಿ ಸಾಹೇಬರು ಅರ್ಧ ದಿನ ಇಡೀ ಪೇಟೆಯ ವ್ಯಾಪಾರವನ್ನೇ ನಿಲ್ಲಿಸಿದರು. ಶೃಂಗೇರಿಯಲ್ಲಿ ಬಸ್ಸಿಗೆ ಜಾಗ ಸಿಕ್ಕಿದ್ದು ಊರಿನಿಂದ ಎಷ್ಟು ದೂರವೆಂದರೆ, ಅಲ್ಲಿಂದ ಊರು ನೋಡಲು ಇನ್ನೊಂದು ಗಾಡಿ ಬಾಡಿಗೆಗೆ ಹಿಡಿಯಬೇಕಾಯಿತು. ಕೆರೆಕಟ್ಟೆಯಲ್ಲಂತೂ ಕಾಡು ನೋಡುತ್ತಾ ಚಹಾ ಕುಡಿಯೋಣವೆಂದು ರಸ್ತೆ ಬದಿಗೆ ನಿಲ್ಲಿಸಿದ್ದೇ ತಡ, ಬಸ್ಸಿಗಾಗಿ ಬೆಳಗಿನಿಂದ ಕಾಯುತ್ತಿದ್ದ ಜನ ಚೀಲ, ಮಕ್ಕಳು, ಒಂದು ಕೋಳಿ ಸಮೇತ ಹತ್ತಿಬಿಟ್ಟರು. ಇಳಿಯಿರಿ ಎನ್ನಲು ಸಾಹೇಬರಿಗೆ ಬಾಯಿ ಬರಲಿಲ್ಲ. ಶೃಂಗೇರಿಯವರೆಗೂ ಅವರ ಡಬಲ್ ಹಾಸಿಗೆಯ ಮೇಲೆ ಒಂದು ಸಂಸಾರ ಪೂರ್ತಿ ಕೂತಿತ್ತು. ಒಬ್ಬ ಅಜ್ಜಿ ಸಾಜಿಯಾಳ ಕೈಗೆ ಚಿಲ್ಲರೆ ಕೊಟ್ಟು ಟಿಕೆಟ್ ಕೇಳಿದಳು.

ಸಾಜಿಯಾ ಆ ಚಿಲ್ಲರೆಯನ್ನು ಅಜ್ಜಿಗೇ ಹಿಂತಿರುಗಿಸಿ, ಮನೆಗೆ ಬಂದ ಮೇಲೆ ಗಂಡನ ಎದುರು ಕೂತಳು.

"ನಿಮಗೆ ಊರು ನೋಡ್ಬೇಕಾ, ಊರಿಗೆ ಬಸ್ಸು ತೋರಿಸ್ಬೇಕಾ? ನೋಡೋದಾದ್ರೆ ಇಬ್ಬರು ಕೂರುವಷ್ಟು, ಇಬ್ಬರು ಮಲಗುವಷ್ಟು ಸಣ್ಣ ಗಾಡಿ ತನ್ನಿ. ತೋರಿಸೋದಾದ್ರೆ ನೀವೇ ಹೋಗಿ ಬನ್ನಿ. ನಾನು ಇದಕ್ಕೆ ಇನ್ನು ಕಾಲಿಡೋದಿಲ್ಲ."

ಅಲ್ಲಿಗೆ ಬಸ್ಸಿನ ಆಯುಷ್ಯ ಮುಗಿಯಿತು. ಸಾಹೇಬರು ಒಂದು ದಿನ ಮುಖ ಸಪ್ಪೆ ಮಾಡಿಕೊಂಡಿದ್ದು, ಮರುದಿನದಿಂದ ಸಣ್ಣ ಗಾಡಿಯ ಯೋಚನೆ ಮೊದಲು ತಮಗೇ ಹೊಳೆದದ್ದು ಎಂಬ ಧಾಟಿಯಲ್ಲಿ ಗಿರಾಕಿ ಹುಡುಕತೊಡಗಿದರು.

ಗಿರಾಕಿಯೂ ಸಿಕ್ಕಿದ. ನರಸಿಂಹರಾಜಪುರದ ಕಡೆ, ಶೆಟ್ಟಿಕೊಪ್ಪ ದಾಟಿ ಒಳಗೆ ಹೋಗುವ ಒಂದು ರಸ್ತೆಯಲ್ಲಿ ಬಾಳೆಮಕ್ಕಿ ಎಂಬ ಹಳ್ಳಿಯಿದೆ. ಅದರಾಚೆ ಭದ್ರಾ ಹಿನ್ನೀರಿನ ದಡದಲ್ಲಿ ನಾರಾಯಣ ಎಂಬಾತನಿಗೆ ಒಂದು ಚೂರು ಜಾಗವಿತ್ತು. ನೀರು ನೋಡಲು ಬರುವವರನ್ನು ಬಸ್ಸಿನೊಳಗೇ ಕೂರಿಸಿ ದೋಸೆ ಕೊಡುವ ಹೋಟೆಲು ಮಾಡಬೇಕೆಂಬುದು ಅವನ ಆಸೆ. ಅವನ ಮಗ ಮೋಹಿತನ ಹತ್ತಿರ ಒಂದು ಹಳೆಯ ವ್ಯಾನು. ಒಳಗೆ ಮಡಚುವ ಮಂಚ, ಸ್ಟೋವಿಗೊಂದು ಪೆಟ್ಟಿಗೆ, ನೀರಿನ ಕ್ಯಾನಿಗೊಂದು ಗೂಡು. ಸುತ್ತಾಟದ ಆಸೆ ತೀರಿ ಮೋಹಿತ ಈಗ ದೋಸೆಯ ಕಡೆ ಮನಸ್ಸು ಕೊಟ್ಟಿದ್ದ. ಬಸ್ಸಿಗೆ ವ್ಯಾನು, ವ್ಯಾನಿಗೆ ಬಸ್ಸು ಎಂದು ಮಾತಾಯಿತು. ನಾರಾಯಣನದು ಒಂದೇ ಕರಾರು: ಬಸ್ಸನ್ನು ಸಾಹೇಬರೇ ತಂದು ದಡ ಮುಟ್ಟಿಸಬೇಕು. ಬಾಳೆಮಕ್ಕಿ ಪೇಟೆ ಸ್ವಲ್ಪ ಇಕ್ಕಟ್ಟು, ಒಮ್ಮೆ ನೋಡಿಕೊಂಡು ಹೋಗಿ ಎಂದ.

ಜಯಪುರದ ಪಾಠ ಕಲಿತಿದ್ದ ಸಾಹೇಬರು ಈ ಸಲ ಮುಂಚೆಯೇ ರಸ್ತೆ ಅಳೆಯಲು ಹೊರಟರು. ಗಿರಾಕಿಗಳ ಮಂಚ ಅಳೆಯುವ ಟೇಪನ್ನು ಅಂಗಡಿಯಿಂದ ತಂದರು. ಇಸ್ತ್ರಿ ಮಾಡಿದ ಬಿಳಿ ಶರಟು, ಜೇಬಿನಲ್ಲಿ ಪೆನ್ನು, ಮೂಗಿನ ತುದಿಯಲ್ಲಿ ಕನ್ನಡಕ. ಜೊತೆಗೆ ಸಾಜಿಯಾ. ಆಟೋ ಇಸ್ರಾರನದು, ಟೇಪಿನ ಇನ್ನೊಂದು ತುದಿ ಹಿಡಿಯುವವನೂ ಅವನೇ. ಕೊಪ್ಪದಲ್ಲಿ ಎಲ್ಲರೂ ಕರೆಯುವಂತೆ ಅವನೂ ಅವರನ್ನು ಕರೆಯುವುದು ಸಾಹೇಬ್ರೇ ಎಂದು. ಇಡೀ ಗಲಾಟೆಗೆ ಅರ್ಧ ಕಾರಣ ಈ ಒಂದು ಶಬ್ದ. ಕೊಪ್ಪದಲ್ಲಿ ಸಾಹೇಬ್ರು ಎಂದರೆ ಹಾಸಿಗೆ ಅಂಗಡಿಯವರು. ಬಾಳೆಮಕ್ಕಿಯಲ್ಲಿ ಸಾಹೇಬ್ರು ಎಂದರೆ ಸರ್ಕಾರ.

ಬಾಳೆಮಕ್ಕಿ ಪೇಟೆ ಎಂದರೆ ಒಂದು ಕಡೆ ಜಲಜಮ್ಮನ ಚಹಾದಂಗಡಿ, ಎದುರು ಸುಬ್ಬಪ್ಪನ ಮನೆ. ಜಲಜಮ್ಮನ ಅಂಗಡಿ ವರ್ಷಕ್ಕೆ ಒಂದು ಹಲಗೆಯಷ್ಟು ಮುಂದೆ ಬಂದು, ತಗಡಿನ ಮಾಡು ಹೊದ್ದು ರಸ್ತೆಗೆ ಇಳಿದಿತ್ತು. ಇದನ್ನು ನೋಡಿದ ಸುಬ್ಬಪ್ಪ, ತಾನೇನು ಕಡಿಮೆ ಎಂದು ಕಲ್ಲಿನ ಕಾಂಪೌಂಡನ್ನು ಒಂದೊಂದೇ ಮೊಳ ಮುಂದೆ ತಂದಿದ್ದ. ನಡುವೆ ಜೀಪು, ಪಿಕಪ್ಪು ಹೇಗೋ ನುಸುಳುತ್ತಿದ್ದವು. ಬಾಳೆಮಕ್ಕಿ ಎಂದು ಬೋರ್ಡು ಹಾಕಿಕೊಂಡ ಖಾಸಗಿ ಬಸ್ಸೊಂದಿತ್ತು. ಅದು ಎಷ್ಟೋ ವರ್ಷದಿಂದ ಕೆಳಗಿನ ಕ್ರಾಸಿನಲ್ಲೇ ಜನರನ್ನು ಇಳಿಸಿ ಹಿಂದಿರುಗುತ್ತಿತ್ತು.

ಇಸ್ರಾರ್ ಟೇಪಿನ ತುದಿಯನ್ನು ಹಲಗೆಗೆ ಒತ್ತಿ ಹಿಡಿದ. ಸಾಹೇಬರು ಗೋಡೆಯ ತನಕ ಹೋಗಿ ಬಗ್ಗಿ ನೋಡಿದರು. ಎಂಟಡಿ. ಬಸ್ಸಿನ ಅಗಲವೇ ಅದಕ್ಕಿಂತ ಒಂದು ಗೇಣು ಹೆಚ್ಚು.

"ಸಾಹೇಬ್ರೇ, ಸಾಕಾಗ್ತದಾ?" ಎಂದು ಇಸ್ರಾರ್ ಕೂಗಿ ಕೇಳಿದ.

"ಸಾಕಾಗೋದಿಲ್ಲ. ಎರಡೂ ಕಡೆಯಿಂದ ಒಂದೊಂದಡಿ ಹೋಗ್ಬೇಕು," ಎಂದರು ಸಾಹೇಬರು.

ಚಹಾ ಸೋಸುತ್ತಿದ್ದ ಜಲಜಮ್ಮನ ಕೈ ಅಲ್ಲೇ ನಿಂತಿತು. ಅವಳು ಹೊರಗೆ ಬಂದು, ಎಂತದ್ದಕ್ಕೆ ಅಳತೆ ಎಂದು ಮೆತ್ತಗೆ ವಿಚಾರಿಸಿದಳು. ಬಸ್ಸು ನನಗೆ ದೊಡ್ಡದಾಯಿತು, ಹೆಂಡತಿ ಹತ್ತುವುದಿಲ್ಲ ಎಂದಳು, ಅದಕ್ಕೇ ಕೊಡುತ್ತಿದ್ದೇನೆ ಎಂದು ಪರವೂರಿನಲ್ಲಿ ಹೇಳಿಕೊಳ್ಳುವುದು ಸಾಹೇಬರ ಘನತೆಗೆ ಸರಿಬರಲಿಲ್ಲ. ಅವರು ಟೇಪನ್ನು ನಿಧಾನವಾಗಿ ಸುತ್ತುತ್ತಾ, ಅವಳ ಕಡೆ ನೋಡಿಯೂ ನೋಡದ ಹಾಗೆ, ಇಷ್ಟೇ ಹೇಳಿದರು:

"ಬರುವ ಗುರುವಾರ ದೊಡ್ಡ ಗಾಡಿ ಬರ್ತದೆ ತಾಯಿ. ಆಗ ಎಲ್ಲ ಗೊತ್ತಾಗ್ತದೆ."

ದೊಡ್ಡ ಗಾಡಿ ಎಂದರೆ ಜೆಸಿಬಿಯಲ್ಲದೆ ಇನ್ನೇನು? ಜಲಜಮ್ಮ ಒಳಗೆ ಹೋಗಿ ಮೂರು ಲೋಟ ಗಟ್ಟಿ ಹಾಲಿನ ಚಹಾ, ಆಗ ತಾನೇ ಕರಿದ ಗೋಳಿಬಜೆ ತಂದಿಟ್ಟಳು. ದುಡ್ಡು ತೆಗೆದರೆ ಮುಟ್ಟಲಿಲ್ಲ. ರಸ್ತೆಯ ಗಡಿ ನಿಜವಾಗಿ ಎಲ್ಲಿತ್ತು ಎಂದು ಎದುರು ಮನೆಯವರನ್ನು ಕೇಳಿದರೆ ಗೊತ್ತಾಗುತ್ತದೆ, ಅವರು ಹೇಳಲಿಕ್ಕಿಲ್ಲ ಅಷ್ಟೇ ಎಂದಳು. ಅಷ್ಟರಲ್ಲಿ ಎದುರು ಮನೆಯ ಸುಬ್ಬಪ್ಪ ಮಜ್ಜಿಗೆ ಹಿಡಿದು ಬಂದ. ಅವನು ಸಾಹೇಬರನ್ನು ಪಕ್ಕಕ್ಕೆ ಕರೆದು, ಅಳತೆ ಹಿಡಿಯುವಾಗ ತನ್ನ ಗೋಡೆಯಿಂದ ಆಚೆಗೆ ಹಿಡಿಯುವುದು ಕ್ರಮ ಎಂದು ಪಿಸುಗುಟ್ಟಿದ. ಸಾಹೇಬರು ಅವನ ಭುಜ ತಟ್ಟಿ, ಯಾರದ್ದನ್ನೂ ಮುಟ್ಟದೆ ಹೋಗಬೇಕೆಂಬುದೇ ತಮ್ಮ ಆಸೆ, ಮುಟ್ಟಿದರೆ ಗೋಡೆಗೂ ಕಷ್ಟ ಗಾಡಿಗೂ ಕಷ್ಟ ಎಂದು ಸಮಾಧಾನ ಹೇಳಿದರು. ಸುಬ್ಬಪ್ಪನ ಮುಖ ಮಜ್ಜಿಗೆಗಿಂತ ಬೆಳ್ಳಗಾಯಿತು.

ಪಂಚಾಯಿತಿ ಸದಸ್ಯ ಗಜಾನನ ಬೈಕು ನಿಲ್ಲಿಸಿದ್ದು ಆಗ. ತನ್ನ ವಾರ್ಡಿನಲ್ಲಿ ಸರ್ಕಾರಿ ಅಳತೆ ನಡೆಯುತ್ತಿರುವುದು ತನಗೇ ಗೊತ್ತಿಲ್ಲ ಎಂದು ಜನರ ಮುಂದೆ ಒಪ್ಪಿಕೊಳ್ಳುವಷ್ಟು ಎಳೆಯ ರಾಜಕಾರಣಿ ಅವನಲ್ಲ. ಬೈಕಿನಿಂದ ಇಳಿಯುತ್ತಲೇ, ಕಡೆಗೂ ಬಂದಿರಲ್ಲ, ನಾನು ಎಷ್ಟು ಸಲ ಓಡಾಡಿದ್ದೇನೆ ಈ ರಸ್ತೆಗೆ ಎಂದು ಸಾಹೇಬರ ಕೈ ಹಿಡಿದುಕೊಂಡ. ಈ ರಸ್ತೆಯಲ್ಲಿ ಎಲ್ಲರೂ ಓಡಾಡುವವರೇ ಆದ್ದರಿಂದ ಸಾಹೇಬರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಆಮೇಲೆ ಗಜಾನನ ದನಿ ತಗ್ಗಿಸಿದ.

"ಇದು ಮೇಲಿನಿಂದಲೇ ತೀರ್ಮಾನ ಆಗಿದ್ದಲ್ವಾ ಸಾಹೇಬ್ರೇ?"

ಸಾಹೇಬರು ಆಟೋದಲ್ಲಿ ಕೂತು ಗೋಳಿಬಜೆ ತಿನ್ನುತ್ತಿದ್ದ ಸಾಜಿಯಾಳ ಕಡೆ ಒಮ್ಮೆ ನೋಡಿದರು. "ಮೇಲಿನಿಂದಲೇ," ಎಂದರು ಗಂಭೀರವಾಗಿ. "ಅದರಲ್ಲಿ ನನ್ನದು ನಿಮ್ಮದು ಎಂತದೂ ನಡೆಯೋದಿಲ್ಲ ಮಾರಾಯ್ರೇ."

ವಾಪಸು ಹೋಗುವಾಗ ಅವರು ದಾರಿಯುದ್ದಕ್ಕೂ ಬಾಳೆಮಕ್ಕಿಯವರ ಒಳ್ಳೆಯತನವನ್ನು ಹೊಗಳಿದರು. ಗುರುತು ಪರಿಚಯವಿಲ್ಲದವರಿಗೆ ಚಹಾ, ಮಜ್ಜಿಗೆ. ಕೊಪ್ಪದಲ್ಲಿ ಯಾರು ಕೊಡುತ್ತಾರೆ? ಸಾಜಿಯಾಳಿಗೆ ಮಾತ್ರ ಆ ಗೋಳಿಬಜೆ ಏಕೋ ಹೆಚ್ಚೇ ರುಚಿಯಾಗಿದೆ ಅನ್ನಿಸಿತು. ಬಸ್ಸು ಅಲ್ಲಿ ಹಿಡಿಸುವುದಿಲ್ಲವಲ್ಲ, ಗುರುವಾರ ಏನು ಮಾಡುತ್ತೀರಿ ಎಂದು ಕೇಳಿದಳು. ಅಕ್ಕಿ ಗಿರಣಿಯ ಅಂಗಳದಲ್ಲಿ ನಿಲ್ಲಿಸಿದ್ದ ಬಸ್ಸನ್ನು ಮಳೆಗಾಲಕ್ಕೆ ಮುಂಚೆ ತೆಗೆಯಬೇಕೆಂದು ಗಿರಣಿಯವರು ಎರಡು ಸಲ ಹೇಳಿಯಾಗಿತ್ತು. ಇಲ್ಲಿ ತಪ್ಪಿದರೆ ಬೇರೆ ಗಿರಾಕಿಯೂ ಇರಲಿಲ್ಲ. ಆದರೂ ಸಾಹೇಬರು ಹೆದರಲಿಲ್ಲ. ಒಳ್ಳೆಯ ಜನ ಇರುವ ಊರಿನಲ್ಲಿ ಗಾಡಿ ಸಿಕ್ಕಿಹಾಕಿಕೊಳ್ಳುವುದಿಲ್ಲ, ಸಿಕ್ಕಿದರೂ ಎಲ್ಲರೂ ಸೇರಿ ತಳ್ಳುತ್ತಾರೆ ಎಂದರು.

ಇತ್ತ ಬಾಳೆಮಕ್ಕಿಗೆ ನಿದ್ದೆ ಹತ್ತಲಿಲ್ಲ. ಗಜಾನನ ಸಂಜೆಯೊಳಗೆ ಮೊಬೈಲ್ ಗುಂಪಿನಲ್ಲಿ, ತನ್ನ ಸತತ ಪ್ರಯತ್ನದಿಂದ ರಸ್ತೆ ಅಗಲೀಕರಣ ಮಂಜೂರಾಗಿದೆ ಎಂದು ಕೈ ಮುಗಿದ ತನ್ನ ಫೋಟೋ ಸಮೇತ ಹಾಕಿದ. ಜಲಜಮ್ಮನ ನಾದಿನಿ ನರಸಿಂಹರಾಜಪುರದಿಂದ ಓಡಿ ಬಂದು, ಅಲ್ಲೆಲ್ಲೋ ಜೆಸಿಬಿ ಒಂದೇ ಏಟಿಗೆ ಅಂಗಡಿ, ಅದರೊಳಗಿದ್ದ ಗ್ಯಾಸ್ ಒಲೆ, ಒಲೆಯ ಮೇಲಿದ್ದ ಸಾರು ಸಮೇತ ಎತ್ತಿಕೊಂಡು ಹೋಯಿತು ಎಂದು ಕಣ್ಣಾರೆ ಕಂಡಂತೆ ವರ್ಣಿಸಿದಳು. ಸುಬ್ಬಪ್ಪನ ಭಾವ ಇನ್ನೂ ಮುಂದೆ ಹೋಗಿ, ಒಮ್ಮೆ ಶುರುವಾದರೆ ಅದು ಒಂದಡಿಗೆ ನಿಲ್ಲುವುದಿಲ್ಲ, ದೇವರ ಕೋಣೆಯವರೆಗೂ ಬರುತ್ತದೆ ಎಂದು ಹೆದರಿಸಿದ. ಜೆಸಿಬಿ ಕೈಗೆ ಸಿಕ್ಕಿ ಪುಡಿಯಾಗುವುದಕ್ಕಿಂತ ತಾವೇ ಬಿಚ್ಚಿದರೆ ಹಲಗೆ, ತಗಡು, ಕಲ್ಲಾದರೂ ಉಳಿಯುತ್ತದೆ ಎಂದು ಇಬ್ಬರಿಗೂ ಅನ್ನಿಸಿತು. ಆದರೆ ಮೊದಲು ಯಾರು ಬಿಚ್ಚಬೇಕು?

ಎರಡು ದಿನ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ಕೂತರು. ಮೂರನೆಯ ದಿನ ಜಲಜಮ್ಮ ಒಂದು ಹಲಗೆ ತೆಗೆದು ಗೋಡೆಗೆ ಒರಗಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು. ಸುಬ್ಬಪ್ಪ ಬಂದು ಒಂದು ಕಲ್ಲು ತೆಗೆದ. ಅವಳು ಇನ್ನೊಂದು ಹಲಗೆ ತೆಗೆದಳು. ಅವನು ಇನ್ನೊಂದು ಕಲ್ಲು. ಹಲಗೆ ಉದ್ದ, ಕಲ್ಲು ಸಣ್ಣದು, ಒಂದು ಹಲಗೆಗೆ ನಾಲ್ಕು ಕಲ್ಲು ಲೆಕ್ಕ ಎಂದು ಅವಳು ಜಗಳ ತೆಗೆದದ್ದರಿಂದ ಮಧ್ಯಾಹ್ನ ಕೆಲಸ ನಿಂತಿತು. ಊಟದ ನಂತರ ಮೂರು ಕಲ್ಲಿಗೆ ರಾಜಿಯಾಯಿತು. ಬುಧವಾರ ಸಂಜೆ ಹೊತ್ತಿಗೆ ರಸ್ತೆ ಎಷ್ಟು ಅಗಲವಾಯಿತೆಂದರೆ, ಊರಿನ ದನಗಳು ದಾರಿ ತಪ್ಪಿದೆವೋ ಎಂದು ನಡುವೆ ನಿಂತು ಸುತ್ತ ನೋಡಿದವು.

ಗುರುವಾರ ಬೆಳಿಗ್ಗೆ ಇಡೀ ಬಾಳೆಮಕ್ಕಿ ಪೇಟೆಯಲ್ಲಿ ನೆರೆದಿತ್ತು. ಗಜಾನನ ಬಿಳಿ ಪಂಚೆ ಉಟ್ಟು, ಕೈಯಲ್ಲಿ ಸೇವಂತಿಗೆ ಹಾರ, ಪಕ್ಕದಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಜೆಸಿಬಿಯನ್ನು ಕಾಯುತ್ತಿದ್ದ. ತಿರುವಿನಲ್ಲಿ ದೊಡ್ಡ ಗಾಡಿಯ ಸದ್ದು ಕೇಳಿತು. ಬಂದದ್ದು ಹೂವಿನ ಪರದೆಯ ಬಸ್ಸು.

ಗಜಾನನ ಎರಡು ಕ್ಷಣ ತಬ್ಬಿಬ್ಬಾದ. ಜೆಸಿಬಿಗೆ ಮುಂಚೆ ಅಧಿಕಾರಿಗಳ ತಂಡ ಬಂದಿರಬೇಕು ಎಂದುಕೊಂಡು ಕಾಯಿ ಒಡೆದು, ಹಾರವನ್ನು ಬಸ್ಸಿನ ಕನ್ನಡಿಗೆ ಹಾಕಿಯೇಬಿಟ್ಟ. ಸಾಹೇಬರು ಉಸಿರು ಬಿಗಿಹಿಡಿದು ಬಸ್ಸನ್ನು ಅಂಗಡಿ ಮತ್ತು ಮನೆಯ ನಡುವೆ ನುಗ್ಗಿಸಿದರು. ಎಲ್ಲಿಯೂ ತಾಗಲಿಲ್ಲ. ಎರಡೂ ಕಡೆ ಇನ್ನೂ ಜಾಗ ಮಿಕ್ಕಿತ್ತು. ಬಿಚ್ಚಿಟ್ಟ ಹಲಗೆ, ಒಟ್ಟಿದ ಕಲ್ಲು, ಹಾರ, ನೆರೆದ ಜನ ಇವೆಲ್ಲ ನೋಡಿ ಅವರಿಗೆ ಸುಮ್ಮನೆ ಮುಂದೆ ಹೋಗಲು ಮನಸ್ಸಾಗಲಿಲ್ಲ. ಬಸ್ಸು ನಿಲ್ಲಿಸಿ, ಮೆಟ್ಟಿಲ ಮೇಲೆ ನಿಂತು ನಾಲ್ಕು ಮಾತಾಡಿದರು. ತಮ್ಮ ಬಸ್ಸು ಈ ಪೇಟೆ ದಾಟಲಾರದು ಎಂದೇ ತಿಳಿದಿದ್ದಾಗಿ, ಹಾಸಿಗೆ ಅಂಗಡಿಯ ಒಬ್ಬ ಸಾಮಾನ್ಯ ಮನುಷ್ಯನ ಬಸ್ಸಿಗೋಸ್ಕರ ಜನ ತಮ್ಮ ಅಂಗಡಿಯನ್ನೂ ಗೋಡೆಯನ್ನೂ ತಾವೇ ಬಿಚ್ಚಿದ್ದನ್ನು ಎಲ್ಲಿಯೂ ಕೇಳಿಲ್ಲವೆಂದು, ಈ ಬಸ್ಸು ನಾರಾಯಣನ ಹೋಟೆಲಾದ ಮೇಲೆ ಮೊದಲ ದೋಸೆ ಬಾಳೆಮಕ್ಕಿಯವರಿಗೇ ಸಲ್ಲಬೇಕೆಂದು ಹೇಳಿ ಕೈ ಮುಗಿದರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಜಲಜಮ್ಮ ಮುಂದೆ ಬಂದು ಕೇಳಿದಳು.

"ಹಾಗಾದ್ರೆ ದೊಡ್ಡ ಗಾಡಿ?"

"ಇದೇ," ಎಂದು ಸಾಹೇಬರು ಬಸ್ಸಿನ ಮೈ ಸವರಿದರು.

ಜನ ಮೊದಲು ತಿರುಗಿದ್ದು ಗಜಾನನನ ಕಡೆ. ಅವನು ಅಷ್ಟು ಹೊತ್ತಿಗೆ ಬೈಕು ಹತ್ತಿ, ಇದನ್ನು ಮೇಲಿನವರ ಗಮನಕ್ಕೆ ತರುತ್ತೇನೆ ಎನ್ನುತ್ತಾ ಹೊರಟಾಗಿತ್ತು. ಆ ಗಲಾಟೆಯಲ್ಲಿ, ಇಸ್ರಾರನ ಆಟೋದಲ್ಲಿ ಹಿಂದೆಯೇ ಬಂದಿದ್ದ ಸಾಜಿಯಾ ಕಿಟಕಿಯ ಹತ್ತಿರ ಬಂದು, ಈಗಲೇ ಬಸ್ಸು ಬಿಡಿ ಎಂದಳು. ಅವಳಿಗೆ ಎಲ್ಲ ಅರ್ಥವಾಗಿತ್ತು. ಸಾಹೇಬರಿಗೆ ಅರ್ಥವಾದದ್ದು ಹಿನ್ನೀರಿನ ದಡದಲ್ಲಿ, ಅವಳು ಬಿಡಿಸಿ ಹೇಳಿದ ಮೇಲೆ.

ನಾರಾಯಣ ಬಸ್ಸನ್ನು ನೋಡಿ ಹಿಗ್ಗಿದ. ಸಾಜಿಯಾಳನ್ನು ಇಳಿಸಿದ ಇಸ್ರಾರ್ ಇನ್ನೊಂದು ಬಾಡಿಗೆಗೆಂದು ಆಗಲೇ ಕೊಪ್ಪಕ್ಕೆ ಹೊರಟುಹೋಗಿದ್ದ. ಸಾಹೇಬರು ವ್ಯಾನಿನ ಬೀಗದ ಕೈ ತೆಗೆದುಕೊಂಡರು. ಮಂಚ ಮಡಚಿ ಬಿಡಿಸಿ ನೋಡಿದ್ದಾಯಿತು. ಎಲ್ಲ ಸರಿ, ಆದರೆ ಹಿಂದಿರುಗಲು ಇದ್ದದ್ದು ಅದೊಂದೇ ರಸ್ತೆ. ನಾರಾಯಣ, ಎರಡು ದಿನ ಇಲ್ಲೇ ಇದ್ದು ಬಿಸಿ ಆರಿದ ಮೇಲೆ ಹೋಗಿ ಎಂದ. ಸಾಹೇಬರು ಒಪ್ಪಲಿಲ್ಲ. ತಾನು ಆಡಿದ್ದರಲ್ಲಿ ಒಂದೂ ಸುಳ್ಳಿಲ್ಲ, ಸುಳ್ಳಾಡದವನಿಗೆ ಯಾವ ರಸ್ತೆಯಾದರೇನು ಎಂದು ವ್ಯಾನು ಹತ್ತಿದರು. ಸಾಜಿಯಾ ಕೆರೆಕಟ್ಟೆಯ ನಂತರ ಮೊದಲ ಸಲ ಗಂಡನ ಪಕ್ಕದ ಸೀಟಿನಲ್ಲಿ ಕೂತಳು. ಗಾಡಿಯ ವಿಷಯದಲ್ಲಿ ಅವಳಿಗೆ ಸಂತೋಷ, ದಾರಿಯ ವಿಷಯದಲ್ಲಿ ಭಯ.

ಪೇಟೆಯ ನಡುವೆ ಜಲಜಮ್ಮನ ಬೆಂಚು ಅಡ್ಡ ಇಟ್ಟಿತ್ತು. ಬೆಂಚಿನ ಮೇಲೆ ಜಲಜಮ್ಮ. ಪಕ್ಕದಲ್ಲಿ, ಜೀವಮಾನದಲ್ಲಿ ಮೊದಲ ಸಲ, ಸುಬ್ಬಪ್ಪ. ಸಾಹೇಬರು ಇಳಿದು ನಿಂತು, ದೊಡ್ಡ ಗಾಡಿ ಬರುತ್ತದೆ ಎಂದೆ, ಬಂತು. ಗುರುವಾರ ಎಂದೆ, ಗುರುವಾರವೇ ಬಂತು. ಒಂದೊಂದಡಿ ಹೋಗಬೇಕು ಎಂದದ್ದು ನನ್ನ ಬಸ್ಸಿನ ಲೆಕ್ಕ. ಇದರಲ್ಲಿ ಯಾವುದು ಸುಳ್ಳು ಎಂದು ಕೇಳಿದರು.

"ಎಲ್ಲ ನಿಜವೇ," ಎಂದಳು ಜಲಜಮ್ಮ. "ಅದಕ್ಕೇ ಸಿಟ್ಟು ಬಂದಿದ್ದು. ಸುಳ್ಳು ಹೇಳಿದ್ರೆ ಪೊಲೀಸಿಗಾದ್ರೂ ಕೊಡಬಹುದಿತ್ತು."

ಗೋಡೆ ಕಟ್ಟಿಕೊಡದೆ ಗಾಡಿ ಮುಂದೆ ಹೋಗುವುದಿಲ್ಲ ಎಂದು ಸುಬ್ಬಪ್ಪ ಪಂಚೆ ಎತ್ತಿ ಕಟ್ಟಿದ. ಸಾಹೇಬರು ತೋಳು ಮಡಚಿ, ಆಗಲಿ, ಕಲ್ಲು ಹೊರುವುದು ಹತ್ತಿ ಹೊರುವುದಕ್ಕಿಂತ ದೊಡ್ಡದೇನಲ್ಲ ಎಂದು ಒಂದು ಕಲ್ಲಿಗೆ ಕೈ ಹಾಕಿದರು. ಅದು ಅಲುಗಲಿಲ್ಲ. ಇನ್ನೊಂದು ಕೈಯನ್ನೂ ಹಾಕುವಷ್ಟರಲ್ಲಿ ಕ್ರಾಸಿನ ಕಡೆಯಿಂದ ಬಸ್ಸಿನ ಹಾರ್ನು ಕೇಳಿಸಿತು.

ಅದು ಬೋರ್ಡಿನ ಮೇಲೆ ಮಾತ್ರ ಬಾಳೆಮಕ್ಕಿಗೆ ಬರುತ್ತಿದ್ದ ಖಾಸಗಿ ಬಸ್ಸು. ಬೆಳಿಗ್ಗೆ ಕ್ರಾಸಿನಲ್ಲಿ ಅಷ್ಟು ದೊಡ್ಡ ಬಸ್ಸು ಒಳಗೆ ಹೋದದ್ದನ್ನು ಡ್ರೈವರ್ ನೋಡಿದ್ದ. ಅದು ಹೋದ ಮೇಲೆ ತನ್ನದು ಏಕೆ ಹೋಗಬಾರದು ಎಂದು ಅವನಿಗೆ ಛಲ ಬಂತು. ಬಸ್ಸಿನಲ್ಲಿದ್ದ ಬಾಳೆಮಕ್ಕಿಯವರೂ ಹೋಗು ಮಾರಾಯ ಎಂದು ಹುರಿದುಂಬಿಸಿದ್ದರು. ಬಸ್ಸು ನೇರ ಜಲಜಮ್ಮನ ಅಂಗಡಿಯ ಮುಂದೆ ಬಂದು ನಿಂತಿತು. ಅಕ್ಕಿ ಮೂಟೆಯೊಂದಿಗೆ ಇಳಿದ ಒಬ್ಬಳು ಮುದುಕಿ, ಮನೆ ಇಷ್ಟು ಬೇಗ ಬಂತಾ ಎಂದು ನಂಬಲಾರದೆ ಅಲ್ಲೇ ಮೂಟೆಯ ಮೇಲೆ ಕೂತಳು. ಉಳಿದವರೆಲ್ಲ ಇಳಿದು ಮೈ ಮುರಿದು, ಚಹಾ ಇದೆಯಾ ಎಂದು ಕೇಳಿದರು. ಇಷ್ಟು ದಿನ ಕ್ರಾಸಿನ ಹೋಟೆಲಿಗೆ ಹೋಗುತ್ತಿದ್ದ ಚಹಾದ ವ್ಯಾಪಾರ ಅದು.

ಜಲಜಮ್ಮ ಬೆಂಚನ್ನು ಎತ್ತಿ ಅಂಗಡಿಯ ಎದುರು ಹಾಕಿದಳು. ಸುಬ್ಬಪ್ಪ ಒಂದು ಕಲ್ಲನ್ನು ಮತ್ತೆ ಅದರ ಹಳೆಯ ಜಾಗಕ್ಕೆ ಉರುಳಿಸುತ್ತಿದ್ದ. ಅವಳು ಚಹಾ ಸೋಸುತ್ತಲೇ, ಅದನ್ನು ಅಲ್ಲಿ ಇಟ್ಟರೆ ಬಸ್ಸು ಹಿಂದೆ ಹೋಗುವುದು ಹೇಗೆ, ಒಳಗೆ ಹಾಕಿ ಎಂದು ಗದರಿದಳು. ಮುಂದಿನ ವಾರ ಆಸ್ಪತ್ರೆಗೆ ಹೋಗಬೇಕಾಗಿದ್ದ ಸುಬ್ಬಪ್ಪನೂ ಬಸ್ಸನ್ನು ಒಮ್ಮೆ, ತನ್ನ ಮಂಡಿಯನ್ನು ಒಮ್ಮೆ ನೋಡಿ ಕಲ್ಲನ್ನು ಒಳಗೆ ಹಾಕಿದ. ಗಜಾನನನ ಬೈಕು ಎಲ್ಲಿಂದಲೋ ಮತ್ತೆ ಪ್ರತ್ಯಕ್ಷವಾಯಿತು. ಅವನು ಡ್ರೈವರನ ಪಕ್ಕ ನಿಂತು ಫೋಟೋ ತೆಗೆಸಿಕೊಂಡ.

ಅಷ್ಟರಲ್ಲಿ ಹಾಲು ಮುಗಿಯಿತು. ಜಲಜಮ್ಮ ಸುತ್ತ ನೋಡಿದಳು. ಪೇಟೆಯಲ್ಲಿ ಖಾಲಿ ನಿಂತಿದ್ದ ಗಾಡಿ ಒಂದೇ.

"ಸಾಹೇಬ್ರೇ, ಶೆಟ್ಟಿಕೊಪ್ಪದಿಂದ ಒಂದು ಕ್ರೇಟು ಹಾಲು ತನ್ನಿ. ಬೇಗ."

ಸಾಹೇಬರು ವ್ಯಾನು ಹತ್ತಿದರು. ಆ ಗಾಡಿ ಬಸ್ಸಿನ ಪಕ್ಕದಲ್ಲಿ, ಬೆಂಚಿನ ಅಂಚಿನಲ್ಲಿ, ಮುದುಕಿಯ ಮೂಟೆಯನ್ನು ಬಳಸಿ, ಯಾರನ್ನೂ ಏಳಿಸದೆ ಸರ್ರನೆ ಹೊರಬಿತ್ತು. ಸಾಹೇಬರಿಗೆ ತಾವು ಇಷ್ಟು ಚೆನ್ನಾಗಿ ಗಾಡಿ ಓಡಿಸುತ್ತೇವೆಂದು ಗೊತ್ತೇ ಇರಲಿಲ್ಲ. ಅರ್ಧ ಗಂಟೆಯಲ್ಲಿ ಹಾಲು ಬಂತು. ಜಲಜಮ್ಮ ಕ್ರೇಟು ಇಳಿಸಿಕೊಂಡು, ಬೆಳಿಗ್ಗೆ ಬಸ್ಸು ಮತ್ತೆ ಬರುತ್ತದಂತೆ, ಅದಕ್ಕೆ ಮುಂಚೆ ಇನ್ನೊಂದು ಕ್ರೇಟು ಬೇಕು ಎಂದಳು. ಬರುತ್ತದೆ ಎಂದು ಸಾಹೇಬರು ಆಗಲೇ ಒಪ್ಪಿಕೊಂಡಾಗಿತ್ತು. ಕೊಪ್ಪಕ್ಕೆ ಹೋಗಿ ಅಷ್ಟು ಬೆಳಿಗ್ಗೆ ಹೇಗೆ ಬರುತ್ತೀರಿ ಎಂದು ಸಾಜಿಯಾ ಕೇಳಲಿಲ್ಲ. ಹಿಂದೆ ಹೋಗಿ ಮಂಚ ಬಿಡಿಸಿದಳು.

ಹೀಗೆ ಸಣ್ಣ ಗಾಡಿಯ ಮೊದಲ ಬಿಡಾರ ಬಾಳೆಮಕ್ಕಿ ಪೇಟೆಯಲ್ಲಾಯಿತು. ಜಲಜಮ್ಮನ ಹಲಗೆ ಎದ್ದ ಜಾಗ ವ್ಯಾನಿಗೆ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು. ಆದರೆ ಸೂರ್ಯ ಮುಳುಗುವ ಹೊತ್ತಿಗೆ ಸುಬ್ಬಪ್ಪ ಬಂದು ವ್ಯಾನಿನ ಸುತ್ತ ಎರಡು ಸುತ್ತು ಹಾಕಿದ. ಅವಳ ಹಲಗೆ ಹೋದ ಜಾಗದಲ್ಲಿ ಗಾಡಿ ನಿಂತರೆ ಜಾಗ ಅವಳದ್ದೇ ಅಂದ ಹಾಗಾಯಿತಲ್ಲ, ಮತ್ತೆ ನನ್ನ ಗೋಡೆ ಕೆಡವಿದ್ದು ಯಾವ ಸುಖಕ್ಕೆ ಎಂದ. ಜಲಜಮ್ಮ ಒಳಗಿನಿಂದಲೇ ಉತ್ತರ ಕೊಟ್ಟಳು. ಸಾಹೇಬರು ಇಬ್ಬರಿಗೂ ಕೈ ಎತ್ತಿ ಸಮಾಧಾನ ಹೇಳಿ, ನ್ಯಾಯ ಹೇಳಿದರು: ಊಟದವರೆಗೆ ಗಾಡಿ ಜಲಜಮ್ಮನ ಕಡೆ, ಊಟದ ಮೇಲೆ ಸುಬ್ಬಪ್ಪನ ಕಡೆ.

ಜಲಜಮ್ಮನ ಮನೆಯಲ್ಲಿ ಕಡುಬು ಉಂಡು ಬಂದು, ಮಾತಿನಂತೆ ಸಾಹೇಬರು ಗಾಡಿಯನ್ನು ಮೆಲ್ಲಗೆ ಹಿಂದೆ ತೆಗೆದು, ರಸ್ತೆ ದಾಟಿಸಿ, ಗೋಡೆಯಿದ್ದ ಜಾಗದಲ್ಲಿ ನಿಲ್ಲಿಸಿದರು. ಸುಬ್ಬಪ್ಪ ಟಾರ್ಚು ಬಿಟ್ಟು ನಾಲ್ಕೂ ಚಕ್ರ ನೋಡಿ, ಸರಿ ಎಂದು ಒಳಗೆ ಹೋದ. ಮನೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋದದ್ದು ಸಾಜಿಯಾಳಿಗೆ ಗೊತ್ತಾಗಲಿಲ್ಲ. ಅವಳು ಆಗಲೇ ಮಲಗಿ ನಿದ್ದೆ ಹೋಗಿದ್ದಳು.